ಖಂಡಸ್ಫುಟಿತ ಜೀರ್ಣೋದ್ಧಾರ: ಕನ್ನಡ ತಂತ್ರಾಂಶಗಳ ನಿರ್ಮಾಣಸೂಚಿಯನ್ನು ಕುರಿತು

1

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತವಾದುದು. ದೇವಾಲಯಕ್ಕೆ ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುವಾಗ ದಾನಿಯು ಪೂಜೆ, ನೈವೇದ್ಯ, ತಪೋಧನರ ಗ್ರಾಸ ಇವುಗಳ ಜೊತೆಯಲ್ಲಿಯೇ, ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವ ವೆಚ್ಚವನ್ನು ಹೆಸರಿಸುತ್ತಿದ್ದನು. ರೋಣ, ನರಗುಂದ, ಗಜೇಂದ್ರಗಡಗಳ ಪರಿಸರದಲ್ಲಿ, ವಿಶೇಷವಾಗಿ ಸೂಡಿಯಲ್ಲಿ, ಚಾಲುಕ್ಯರ ಕಾಲದ ಗುಡಿಗಳ ಮುಂದೆ ನಿಂತವರಿಗೆ ಆ ಮುಂದಾಲೋಚನೆಯ ಬೆಲೆ ತಿಳಿಯದಿರದು. ಕಟ್ಟುವುದು ಒಂದು ಪುಣ್ಯವಾದರೆ, ಕಟ್ಟಿದ್ದನ್ನು ಮತ್ತೆ ಕಟ್ಟಬಲ್ಲಂತೆ ಉಳಿಸುವುದು ಬೇರೊಂದು ಪುಣ್ಯವೆಂದು ಆ ಕಾಲದವರು ಬಲ್ಲವರಾಗಿದ್ದರು.

ನಮ್ಮ ಕಾಲದ ಒಂದು ಬಗೆಯ ಕಟ್ಟಡಕ್ಕೆ ಈ ವಿವೇಕವು ಇನ್ನೂ ಒದಗಿಬಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆ ಕಟ್ಟಡವೆಂದರೆ ಕನ್ನಡದ ಮುಕ್ತ ತಂತ್ರಾಂಶಗಳು: ಕನ್ನಡವನ್ನು ತೆರೆಯ ಮೇಲೆ ಮೂಡಿಸುವ ಅಕ್ಷರವಿನ್ಯಾಸಗಳು, ಕನ್ನಡವನ್ನು ಬೆರಳಚ್ಚಿಸುವ ಸಾಧನಗಳು, ಗಣಕದ ಸೂಚನೆಗಳನ್ನು ಕನ್ನಡಕ್ಕೆ ತಂದ ಅನುವಾದಗಳು. ಇವುಗಳ ರೂಪವನ್ನು, ಭಾಷೆಯನ್ನು, ಉಪಯುಕ್ತತೆಯನ್ನು ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಆದರೆ ಇವುಗಳನ್ನು ಮೂಲದಿಂದ ಸಿದ್ಧರೂಪಕ್ಕೆ ತರುವ ವಿಧಾನವನ್ನು ಬರೆದಿಟ್ಟ ಕಡತಗಳನ್ನು ವಿಮರ್ಶೆಯ ವಸ್ತುವಾಗಿ ಯಾರೂ ಗಣಿಸಿದಂತೆ ಕಾಣುವುದಿಲ್ಲ. ಯಂತ್ರಜ್ಞರು ಬಿಲ್ಡ್ ಕಾನ್ಫಿಗರೇಶನ್ ಎನ್ನುವ ಈ ಕಡತಗಳನ್ನು ಪ್ರಕೃತ ಲೇಖನದಲ್ಲಿ ನಾವು 'ನಿರ್ಮಾಣಸೂಚಿ' ಎಂದು ಕರೆಯುತ್ತೇವೆ. ಹಳೆಯದಾದ ನಿರ್ಮಾಣಸೂಚಿಯನ್ನು ಹೊಸ ಪದ್ಧತಿಗೆ ತರುವಾಗ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು, ಅದನ್ನು ನಿರ್ಣಯಿಸುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ.

2

ಅಡಿಗೆಯ ಸಾಮಗ್ರಿಗಳೆಲ್ಲ ಇದ್ದರೂ ಯಾವುದನ್ನು ಮೊದಲು ಬೇಯಿಸಬೇಕು, ಯಾವುದನ್ನು ಕೊನೆಗೆ ಹಾಕಬೇಕು ಎಂಬ ಕ್ರಮ ತಿಳಿಯದಿದ್ದರೆ ಅಡಿಗೆಯಾಗದು. ತಂತ್ರಾಂಶದ ಮೂಲಸಂಕೇತವು ಸಾಮಗ್ರಿ, ನಿರ್ಮಾಣಸೂಚಿಯು ಕ್ರಮ. ಯಾವ ಕಡತವನ್ನು ಯಾವ ಉಪಕರಣದಿಂದ ಪರಿವರ್ತಿಸಬೇಕು, ಅದಕ್ಕೆ ಮುಂಚೆ ಯಾವುದು ಸಿದ್ಧವಾಗಿರಬೇಕು, ಸಿದ್ಧವಾದುದನ್ನು ಎಲ್ಲಿ ಇರಿಸಬೇಕು ಎಂಬುದೆಲ್ಲವೂ ಅದರಲ್ಲಿ ಅಡಕವಾಗಿರುತ್ತದೆ.

ಈ ಕಾರ್ಯಕ್ಕೆ ಮೊದಲ ಪ್ರಸಿದ್ಧ ಸಾಧನವಾದ 'ಮೇಕ್' ಎಂಬುದನ್ನು ಬೆಲ್ ಪ್ರಯೋಗಶಾಲೆಯಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಅದರ ಸೂಚಿಯಲ್ಲಿ ಪ್ರತಿಯೊಂದು ಆಜ್ಞೆಯ ಸಾಲೂ ಟ್ಯಾಬ್ ಚಿಹ್ನೆಯಿಂದ ಆರಂಭವಾಗಬೇಕೆಂಬ ನಿಯಮವಿದೆ; ನೋಡುವ ಕಣ್ಣಿಗೆ ಟ್ಯಾಬಿಗೂ ಖಾಲಿ ಸ್ಥಳಕ್ಕೂ ಭೇದವಿಲ್ಲದ ಕಾರಣ ಎಷ್ಟೋ ವಿದ್ಯಾರ್ಥಿಗಳು ಇದರಿಂದ ತೊಂದರೆಪಟ್ಟಿದ್ದಾರೆ. ದೋಷವು ಕರ್ತೃವಿಗೆ ಬೇಗನೆ ತಿಳಿದುಬಂದಿತ್ತು. ಆದರೆ ಅಷ್ಟರಲ್ಲಿಯೇ ಸುಮಾರು ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರಿಂದ, ಅವರ ಕೆಲಸ ಕೆಡಬಾರದೆಂದು ಅದನ್ನು ಹಾಗೆಯೇ ಬಿಟ್ಟುದಾಗಿ ಅವರು ತರುವಾಯ ಹೇಳಿಕೊಂಡಿದ್ದಾರೆ. ಹನ್ನೆರಡು ಮಂದಿಯ ಮೇಲಣ ದಾಕ್ಷಿಣ್ಯವು ಅರ್ಧ ಶತಮಾನದ ನಿಯಮವಾಯಿತು. ನಿರ್ಮಾಣಸೂಚಿಯಲ್ಲಿ ಕಾಣುವುದೆಲ್ಲವೂ ತರ್ಕದಿಂದ ಹುಟ್ಟಿದುದಲ್ಲ. ಆದರೆ ಪ್ರತಿಯೊಂದಕ್ಕೂ ಒಂದು ಚರಿತ್ರೆಯುಂಟು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಮುಂದೆ 1990ರ ದಶಕದಲ್ಲಿ ಆಟೋಕಾನ್ಫ್, ಆಟೋಮೇಕ್ ಎಂಬ ಸಾಧನಗಳು ಬಂದುವು. ಒಂದಕ್ಕೊಂದು ಹೊಂದದ ಅನೇಕ ಯೂನಿಕ್ಸ್ ಯಂತ್ರಗಳು ಬಳಕೆಯಲ್ಲಿದ್ದ ಕಾಲವದು. ಇರುವ ಯಂತ್ರವು ಎಂಥದು ಎಂಬುದನ್ನು ನೂರಾರು ಪ್ರಶ್ನೆಗಳಿಂದ ಪರೀಕ್ಷಿಸಿ, ಅದಕ್ಕೆ ತಕ್ಕ ಸೂಚಿಯನ್ನು ಅವು ತಾವೇ ರಚಿಸಿಕೊಡುತ್ತಿದ್ದುವು. 2000ದಲ್ಲಿ ಸಿಮೇಕ್, 2013ರಲ್ಲಿ ಮೇಸನ್ ಹುಟ್ಟಿದುವು. ಪೈಥಾನ್ ಭಾಷೆಯ ತಂತ್ರಾಂಶಗಳಿಗೆ ದೀರ್ಘಕಾಲ ಆಧಾರವಾಗಿದ್ದ ಡಿಸ್ಟ್‌ಯುಟಿಲ್ಸ್ ಎಂಬ ಅಂಗವನ್ನು 2023ರ ಅಕ್ಟೋಬರಿನಲ್ಲಿ ಬಂದ 3.12ನೆಯ ಆವೃತ್ತಿಯಿಂದ ತೆಗೆದುಹಾಕಲಾಯಿತು. 2025ರಲ್ಲಿ ಬಂದ ಸಿಮೇಕ್ 4.0, ತನ್ನ 3.5ನೆಯ ಆವೃತ್ತಿಗಿಂತ ಹಿಂದಿನ ರೂಢಿಗೆ ಬರೆದ ಸೂಚಿಗಳನ್ನು ಸ್ವೀಕರಿಸುವುದಿಲ್ಲ. ಹೀಗಾಗಿ ಹತ್ತು ವರ್ಷ ಯಾರೂ ಮುಟ್ಟದೆ ಇಟ್ಟ ತಂತ್ರಾಂಶವು, ತನ್ನಲ್ಲಿ ಒಂದು ಅಕ್ಷರವೂ ಬದಲಾಗದಿದ್ದರೂ, ಇಂದು ನಿರ್ಮಾಣವಾಗದೆ ಹೋಗಬಹುದು. ಗುಡಿಯು ಮಳೆಗಾಳಿಗಳಿಂದ ಶಿಥಿಲವಾಗುತ್ತದೆ. ನಿರ್ಮಾಣಸೂಚಿಯು ಸುತ್ತಣ ಲೋಕವು ಮುಂದೆ ಸರಿದುದರಿಂದ ಶಿಥಿಲವಾಗುತ್ತದೆ.

ಇದರಿಂದ ನಷ್ಟವೇನು, ಸಿದ್ಧವಾದ ಕಡತವು ಕೈಯಲ್ಲಿದ್ದರೆ ಸಾಲದೆ, ಎಂದು ಕೇಳುವವರುಂಟು. ಸಾಲದು. 1991ರ ಗ್ನೂ ಸಾರ್ವಜನಿಕ ಪರವಾನಗಿಯ ಎರಡನೆಯ ಆವೃತ್ತಿಯು 'ಸಂಪೂರ್ಣ ಮೂಲಸಂಕೇತ' ಎಂಬುದನ್ನು ವಿವರಿಸುವಾಗ, ಸಂಕಲನವನ್ನೂ ಸ್ಥಾಪನೆಯನ್ನೂ ನಡೆಸುವ ವಿಧಿಕಡತಗಳನ್ನು ಅದರಲ್ಲಿ ಸೇರಿಸಿಯೇ ಹೇಳುತ್ತದೆ. ಅಂದರೆ, ತಿದ್ದುವ ಹಕ್ಕಿದ್ದೂ ತಿದ್ದಿದ್ದನ್ನು ಮತ್ತೆ ಕಟ್ಟುವ ದಾರಿಯಿಲ್ಲದಿದ್ದರೆ ಆ ಹಕ್ಕು ಕಾಗದದ ಮೇಲಿನ ಹಕ್ಕು. ಲೋಹಿತ್ ಕನ್ನಡ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರವಿನ್ಯಾಸಗಳನ್ನು ಯಾರು ಬೇಕಾದರೂ ತಿದ್ದಬಹುದೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ರೋಣದ ಒಂದು ಕಾಲೇಜಿನ ವಿದ್ಯಾರ್ಥಿಯು ಒಂದು ಒತ್ತಕ್ಷರದ ಸ್ಥಾನವನ್ನು ತಿದ್ದಿ, ಅದನ್ನು ತನ್ನ ಯಂತ್ರದಲ್ಲಿಯೇ ಸಿದ್ಧಪಡಿಸಿ ನೋಡಲು ಸಾಧ್ಯವಾದಾಗ ಮಾತ್ರ ಆ ಮಾತು ಸತ್ಯವಾಗುತ್ತದೆ.

3

ಹಳೆಯ ಸೂಚಿಯ ವಿಷಯದಲ್ಲಿ ಎರಡು ಪಕ್ಷಗಳು ಪ್ರಚಲಿತವಾಗಿವೆ. 'ನಡೆಯುತ್ತಿದೆ, ಮುಟ್ಟಬೇಡಿ' ಎಂಬುದೊಂದು. 'ಹಳೆಯದನ್ನು ಅಳಿಸಿ, ಹೊಸ ಪದ್ಧತಿಯಲ್ಲಿ ಮೊದಲಿನಿಂದ ಬರೆಯಿರಿ' ಎಂಬುದು ಇನ್ನೊಂದು. ಮೊದಲನೆಯದು ಅನುಭವಿಗಳ ಪಕ್ಷ. ಎರಡನೆಯದು ಉತ್ಸಾಹಿಗಳ ಪಕ್ಷ. ಎರಡರಲ್ಲಿಯೂ ಒಂದೇ ದೋಷವಿದೆ: ಇಬ್ಬರೂ ಹಳೆಯ ಸೂಚಿಯನ್ನು ಓದುವುದಿಲ್ಲ. ಒಬ್ಬನು ಭಯದಿಂದ ಓದುವುದಿಲ್ಲ, ಇನ್ನೊಬ್ಬನು ತಿರಸ್ಕಾರದಿಂದ ಓದುವುದಿಲ್ಲ.

ಓದಿದವನಿಗೆ ಅದರಲ್ಲಿ ಮೂರು ಬಗೆಯ ಸಾಲುಗಳು ಕಾಣುತ್ತವೆ. ಮೊದಲನೆಯದು, ಈಗ ಇಲ್ಲದ ಯಂತ್ರಗಳಿಗಾಗಿ, ಈಗ ಇಲ್ಲದ ಉಪಕರಣಗಳಿಗಾಗಿ ಬರೆದ ಸಾಲು. ಪುರಾತನ ಯೂನಿಕ್ಸಿನಲ್ಲಿ ಇಂಥ ಶೀರ್ಷಕಡತವಿದೆಯೇ ಎಂದು ಕೇಳುವ ಪರೀಕ್ಷೆಗಳು ಈ ಜಾತಿಯವು. ಇವುಗಳ ಜೀವ ಹೋಗಿದೆ. ಸಂಸ್ಕಾರ ಮಾಡುವುದು ಉಚಿತ. ಎರಡನೆಯದು, ತಂತ್ರಾಂಶವು ಹೇಗಿರಬೇಕು ಎಂಬ ನಿರ್ಣಯವನ್ನು ಹೊತ್ತ ಸಾಲು: ಯಾವ ಭಾಷೆಗಳು ಸೇರಬೇಕು, ಅಕ್ಷರದ ಯಾವ ನಿಯಮಕೋಷ್ಟಕ ಇರಬೇಕು, ಯಾವ ಹಳೆಯ ವ್ಯವಸ್ಥೆಗೆ ಬೆಂಬಲವಿರಬೇಕು ಎಂಬಂಥವು. ಇವು ವಿಧಾನದ ವೇಷದಲ್ಲಿರುವ ನಿರ್ಣಯಗಳು. ಮೂರನೆಯದು, ನಿರ್ಮಾಣಕ್ಕೆ ಸಂಬಂಧವೇ ಇಲ್ಲದೆ ದಾರಿತಪ್ಪಿ ಬಂದ ಲೋಕದ ಸಂಗತಿ.

ಮೂರನೆಯದಕ್ಕೆ ನಮ್ಮ ನೆರೆಹೊರೆಯಿಂದಲೇ ಉದಾಹರಣೆಯನ್ನು ಕೊಡಬಹುದು. ತಾಲ್ಲೂಕುಗಳ ಪಟ್ಟಿಯನ್ನು ನಿರ್ಮಾಣಸೂಚಿಯಲ್ಲಿಯೇ ಬರೆದಿಟ್ಟ ಒಂದು ತಂತ್ರಾಂಶವನ್ನು ಊಹಿಸೋಣ. 1996ರಲ್ಲಿ ಬರೆದಿದ್ದರೆ ಅದರಲ್ಲಿ ರೋಣವೂ ನರಗುಂದವೂ ಧಾರವಾಡ ಜಿಲ್ಲೆಯಲ್ಲಿರುತ್ತಿದ್ದುವು. 1997ರಲ್ಲಿ ಗದಗ ಜಿಲ್ಲೆಯಾಯಿತು. 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಗಜೇಂದ್ರಗಡವೂ ಲಕ್ಷ್ಮೇಶ್ವರವೂ ಸೇರಿದುವು. ರೋಣ ತಾಲ್ಲೂಕಿನ ಹಳ್ಳಿಗಳು ಎರಡು ಪಾಲಾದುವು. ಪ್ರತಿ ಸಲವೂ ತಂತ್ರಾಂಶವನ್ನು ಹೊಸದಾಗಿ ಕಟ್ಟಬೇಕಾಗಿ ಬಂದರೆ ದೋಷವು ಆಡಳಿತದ್ದಲ್ಲ, ಸಂಗತಿಯನ್ನು ವಿಧಾನದೊಳಗೆ ಬೆರೆಸಿದವನದು. ಇಂಥ ಸಾಲುಗಳನ್ನು ಅಳಿಸಲೂ ಬಾರದು, ಇದ್ದಲ್ಲಿಯೇ ಉಳಿಸಲೂ ಬಾರದು. ಪ್ರತ್ಯೇಕ ದತ್ತಾಂಶದ ಕಡತಕ್ಕೆ ಸಾಗಿಸಬೇಕು.

ಆಧುನೀಕರಣದ ಹೆಸರಿನಲ್ಲಿ ನಡೆಯುವ ತಪ್ಪುಗಳಲ್ಲಿ ಬಹುಪಾಲು, ಎರಡನೆಯ ಬಗೆಯ ಸಾಲನ್ನು ಮೊದಲನೆಯ ಬಗೆಯದೆಂದು ಭ್ರಮಿಸಿದುದರ ಫಲ. ಹಳೆಯದೆಂಬ ಮಾತ್ರಕ್ಕೆ ಒಂದು ಸಾಲು ಸತ್ತದ್ದಾಗದು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಈ ವಿವೇಚನೆ ಹೊಸದಲ್ಲ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಪ್ರಕಟವಾದಂದಿನಿಂದ, ಓಲೆಗರಿಯಲ್ಲಿ ವಿಚಿತ್ರವಾಗಿ ಕಂಡ ಪಾಠವನ್ನು ಲಿಪಿಕಾರನ ಸ್ಖಾಲಿತ್ಯವೆಂದು ಒಮ್ಮೆಲೇ ತಳ್ಳಿಹಾಕಬಾರದು ಎಂಬ ಶಿಸ್ತು ನಮ್ಮ ವಿದ್ಯಾರ್ಥಿಗಳಿಗೆ ಪಾಠವಾಗಿ ಬಂದಿದೆ. ಕಷ್ಟವಾದ ಪಾಠವೇ ಕೆಲವೊಮ್ಮೆ ಕವಿಯ ಪಾಠ. ನಿರ್ಮಾಣಸೂಚಿಯ ಪರಿಷ್ಕರಣಕಾರನೂ ಒಬ್ಬ ಸಂಪಾದಕನೇ. ಅವನಿಗೆ ಒಂದು ಅನುಕೂಲ ಹೆಚ್ಚು: ಬದಲಾವಣೆಗಳ ದಾಖಲೆಯನ್ನು ಇಟ್ಟಿದ್ದರೆ ಒಂದು ಸಾಲು ಯಾವ ದಿನ, ಯಾವ ಕಾರಣಕ್ಕೆ ಸೇರಿತೆಂಬುದು ಅದರಲ್ಲಿ ಸಿಕ್ಕುತ್ತದೆ. ಓಲೆಗರಿಯ ಸಂಪಾದಕನಿಗೆ ಈ ಭಾಗ್ಯವಿರಲಿಲ್ಲ.

4

ಎರಡನೆಯ ಬಗೆಯ ಸಾಲು ಎಷ್ಟು ಸಣ್ಣದಾಗಿರಬಹುದೆಂಬುದಕ್ಕೆ ಗ್ನೋಮ್ ತಂತ್ರಾಂಶಸಮೂಹವು ಒಳ್ಳೆಯ ನಿದರ್ಶನ. ಅದರಲ್ಲಿ ಕನ್ನಡದ ಅನುವಾದವೆಲ್ಲ ಒಂದೊಂದು ತಂತ್ರಾಂಶಕ್ಕೂ 'ಕೆಎನ್' ಎಂಬ ಎರಡಕ್ಷರದ ಸಂಕೇತವನ್ನು ಹೆಸರಾಗಿ ಹೊತ್ತ ಒಂದೊಂದು ಕಡತದಲ್ಲಿರುತ್ತದೆ. ಆದರೆ ಆ ಕಡತವು ಇದ್ದ ಮಾತ್ರಕ್ಕೆ ಕನ್ನಡವು ಬಳಕೆದಾರನನ್ನು ತಲುಪದು. ಯಾವ ಭಾಷೆಗಳನ್ನು ಸಿದ್ಧಪಡಿಸಿ ಸ್ಥಾಪಿಸಬೇಕೆಂಬ ಪಟ್ಟಿಯಲ್ಲಿ ಆ ಎರಡಕ್ಷರಗಳು ಇರಬೇಕು. ಮೊದಲು ಈ ಪಟ್ಟಿಯು ಆಟೋಕಾನ್ಫ್ ಸೂಚಿಯ ಒಳಗೆ ಒಂದು ಉದ್ದನೆಯ ಸಾಲಾಗಿತ್ತು. 2006ರ ಸುಮಾರಿಗೆ ಅದನ್ನು ಅಲ್ಲಿಂದ ತೆಗೆದು, ಅನುವಾದಗಳ ಕೋಶದಲ್ಲಿ 'ಲಿಂಗ್ವಾಸ್' ಎಂಬ ಬೇರೆ ಕಡತದಲ್ಲಿ ಇರಿಸುವ ಸುಧಾರಣೆಯನ್ನು ಗ್ನೋಮ್ ಬಳಗವು ಕೈಕೊಂಡಿತು. ತರುವಾಯ ಅದರ ಅನೇಕ ತಂತ್ರಾಂಶಗಳು ಆಟೋಟೂಲ್ಸ್ ಪದ್ಧತಿಯನ್ನು ಬಿಟ್ಟು ಮೇಸನ್ ಪದ್ಧತಿಗೆ ಬಂದುವು.

ಸುಧಾರಣೆಯು ಸರಿಯಾದುದೇ. ಅನುವಾದಕನು ತನ್ನ ಭಾಷೆಯನ್ನು ಸೇರಿಸಲು ಮುಖ್ಯ ನಿರ್ಮಾಣಸೂಚಿಯನ್ನು ಮುಟ್ಟಬೇಕಾಗಿಲ್ಲ; ಪಟ್ಟಿಯು ಓದಲು ಸುಲಭ, ಎರಡು ಸಾಲುಗಳು ಒಂದಕ್ಕೊಂದು ತೊಡಕಾಗುವುದಿಲ್ಲ. ಆದರೆ ಪಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕ್ಷಣವಿದೆಯಲ್ಲ, ಅದು ಅಪಾಯದ ಕ್ಷಣ. ಆ ಎರಡಕ್ಷರಗಳು ಕೈತಪ್ಪಿದರೆ ಯಾವ ದೋಷಸೂಚನೆಯೂ ಬರುವುದಿಲ್ಲ. ನಿರ್ಮಾಣವು ಯಶಸ್ವಿಯಾಗಿ ಮುಗಿಯುತ್ತದೆ, ಪರೀಕ್ಷೆಗಳು ತೇರ್ಗಡೆಯಾಗುತ್ತವೆ, ಕನ್ನಡವು ಮಾತ್ರ ಇರುವುದಿಲ್ಲ. ಅನೇಕರು ಅನೇಕ ಸಂಜೆಗಳನ್ನು ವ್ಯಯಿಸಿ ಮಾಡಿದ ಅನುವಾದವು ಮೂಲದಲ್ಲಿ ಅಕ್ಷತವಾಗಿದ್ದೂ ಲೋಕಕ್ಕೆ ಇಲ್ಲದಂತಾಗುತ್ತದೆ. ಬಳಕೆದಾರರು ಬಹುಮಂದಿ ಇರುವ ಭಾಷೆಯ ಲೋಪವನ್ನು ಮರುದಿನವೇ ಯಾರಾದರೂ ಹೇಳುವರು. ಕನ್ನಡದ ಲೋಪವು ಗೊತ್ತಾಗಲು ಎಷ್ಟು ಕಾಲ ಹಿಡಿಯಬಹುದೆಂಬುದನ್ನು ವಾಚಕರೇ ಊಹಿಸಲಿ. ಸದ್ದಿಲ್ಲದೆ ಕೆಡುವುದರ ಭಾರವು ಸಣ್ಣ ಭಾಷೆಯ ಮೇಲೆಯೇ ಹೆಚ್ಚಾಗಿ ಬೀಳುವುದರಿಂದ, ಈ ವಿಷಯವನ್ನು ಕನ್ನಡದವರು ತಾಂತ್ರಿಕರ ಪಾಲಿಗೆ ಬಿಟ್ಟು ಸುಮ್ಮನಿರಲಾಗದು.

5

ಅಕ್ಷರವಿನ್ಯಾಸದ ಕ್ಷೇತ್ರದಲ್ಲಿ ವಿಷಯವು ಇನ್ನೂ ಸೂಕ್ಷ್ಮವಾಗುತ್ತದೆ. ಕನ್ನಡದ ಅಕ್ಷರಗಳು ಯೂನಿಕೋಡಿನಲ್ಲಿ ಬಿಡಿಬಿಡಿಯಾಗಿ ಸಂಕೇತಿತವಾಗಿವೆ. ಅವು ಕೂಡಿ ಗುಣಿತಾಕ್ಷರವೋ ಸಂಯುಕ್ತಾಕ್ಷರವೋ ಆಗುವ ಬಗೆಯನ್ನು ಅಕ್ಷರವಿನ್ಯಾಸದೊಳಗಿನ ನಿಯಮಗಳು ಹೇಳುತ್ತವೆ. ಈ ನಿಯಮಗಳನ್ನು ಸಿದ್ಧಕಡತಕ್ಕೆ ಸೇರಿಸುವುದು ನಿರ್ಮಾಣಸೂಚಿಯ ಕೆಲಸ.

ಆ ನಿಯಮಗಳು ಎರಡು ಹೆಸರಿನ ಕೋಷ್ಟಕಗಳಲ್ಲಿರಬಹುದು: ಹಳೆಯದು 'ಕೆಎನ್‌ಡಿಎ', ಹೊಸದು 'ಕೆಎನ್‌ಡಿ2'. ಇವು ಒಂದೇ ವಸ್ತುವಿನ ಎರಡು ಹೆಸರುಗಳಲ್ಲ. ಒತ್ತಕ್ಷರವನ್ನು ರೂಪಿಸುವಾಗ ಹಳೆಯ ಪದ್ಧತಿಯು ವ್ಯಂಜನವನ್ನು ಮುಂದಿಟ್ಟು ಹಲಂತಚಿಹ್ನೆಯನ್ನು ಹಿಂದಿಡುತ್ತದೆ. ಹೊಸ ಪದ್ಧತಿಯು ಬರೆವಣಿಗೆಯ ಕ್ರಮದಂತೆಯೇ ಹಲಂತವನ್ನು ಮುಂದಿಟ್ಟು ವ್ಯಂಜನವನ್ನು ಹಿಂದಿಡುತ್ತದೆ. ಹೆಸರನ್ನಷ್ಟೆ ಬದಲಿಸಿ ನಿಯಮವನ್ನು ಹಾಗೆಯೇ ಬಿಟ್ಟವನ ಕೈಯಲ್ಲಿ ಒತ್ತುಗಳು ಒಡೆದುಹೋಗುತ್ತವೆ. ಹಳೆಯ ಕೋಷ್ಟಕವನ್ನು ಪೂರ್ತಿಯಾಗಿ ಕೈಬಿಡುವುದು ಸರಿಯೇ? ಅದನ್ನು ಬೇಡುತ್ತಿದ್ದ ವಿಂಡೋಸ್ ಎಕ್ಸ್‌ಪಿಗೆ ಅದರ ತಯಾರಕರ ಬೆಂಬಲವು 2014ರ ಏಪ್ರಿಲಿನಲ್ಲಿಯೇ ಮುಗಿಯಿತು. ಆದುದರಿಂದ ಕೈಬಿಡುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಅದು ಆಲೋಚಿಸಿ ಮಾಡಿದ, ಕಾರಣ ಬರೆದಿಟ್ಟ ನಿರ್ಣಯವಾಗಿರಬೇಕು. ಸೂಚಿಯನ್ನು ಚೊಕ್ಕಟಗೊಳಿಸುವ ಗಡಿಬಿಡಿಯಲ್ಲಿ ಉದುರಿಹೋದ ಸಾಲಾಗಿರಬಾರದು.

ಇನ್ನೊಂದು ಕಂಟಕವು ಪೈಥಾನಿನಿಂದ ಬಂದುದು. ಅಕ್ಷರವಿನ್ಯಾಸಗಳನ್ನು ಫಾಂಟ್‌ಫೋರ್ಜ್ ಎಂಬ ಸಾಧನದಲ್ಲಿ ರಚಿಸಿ, ಪೈಥಾನ್ ವಿಧಿಕಡತದ ಮೂಲಕ ಸಿದ್ಧರೂಪಕ್ಕೆ ತರುವ ರೂಢಿ ಬಹುಕಾಲದಿಂದ ಇದೆ. ಪೈಥಾನ್ 2ರ ಬೆಂಬಲವು 2020ರ ಜನವರಿ 1ಕ್ಕೆ ನಿಂತುದರಿಂದ ಆ ಕಾಲದ ವಿಧಿಕಡತಗಳನ್ನು ಪೈಥಾನ್ 3ಕ್ಕೆ ತರುವುದು ಅನಿವಾರ್ಯವಾಯಿತು. ಮುದ್ರಣದ ಆಜ್ಞೆಗೆ ಆವರಣ ಹಾಕುವಂಥ ತಿದ್ದುಪಡಿಗಳು ಸುಲಭ. ಅವು ತಪ್ಪಿದರೆ ಯಂತ್ರವೇ ಕೂಗಿ ಹೇಳುತ್ತದೆ. ಪಠ್ಯಕ್ಕೂ ಬೈಟುಗಳಿಗೂ ಇರುವ ಭೇದವನ್ನು ಪೈಥಾನ್ 3 ಕಟ್ಟುನಿಟ್ಟಾಗಿ ಪಾಲಿಸುವುದರಿಂದ, ಕನ್ನಡ ಲಿಪಿಯಲ್ಲಿ ಬರೆದ ಪಟ್ಟಿಗಳನ್ನು ಓದುವ ಕಡೆ ಹೆಚ್ಚಿನ ಎಚ್ಚರ ಬೇಕು.

ಹೊಸ ಸೂಚಿಯಿಂದ ಹುಟ್ಟಿದ ಅಕ್ಷರವು ಸರಿಯೆಂದು ತಿಳಿಯುವುದು ಹೇಗೆ? ನಮ್ಮ ಮೂರು ಊರುಗಳ ಹೆಸರುಗಳನ್ನೇ ಪರೀಕ್ಷೆಗೆ ಒಡ್ಡೋಣ. 'ರೋಣ' ಎಂಬುದರಲ್ಲಿಯ ಓಕಾರದ ಚಿಹ್ನೆಯು ಯೂನಿಕೋಡಿನ ದೃಷ್ಟಿಯಲ್ಲಿ ಮೂರು ಭಾಗಗಳಾಗಿ ಬಿಡಿಸಲ್ಪಡುವಂಥದು: ಎತ್ವ, ಕೊಂಬಿನ ದೀರ್ಘ, ಮತ್ತು ಕೊನೆಯ ದೀರ್ಘಚಿಹ್ನೆ. ಮೂರೂ ತಮ್ಮ ತಮ್ಮ ಸ್ಥಾನದಲ್ಲಿ ಕೂಡಿದರೆ ಮಾತ್ರ ರೋ ಆಗುತ್ತದೆ. 'ನರಗುಂದ' ಎಂಬುದು ಉಕಾರದ ಕೊಂಬನ್ನೂ ಅದರ ಮುಂದಣ ಅನುಸ್ವಾರವನ್ನೂ ಪರೀಕ್ಷಿಸುತ್ತದೆ. 'ಗಜೇಂದ್ರಗಡ'ವು ದೀರ್ಘ ಏತ್ವವನ್ನೂ ದಕಾರದ ಅಡಿಯ ರಕಾರದ ಒತ್ತನ್ನೂ ಪರೀಕ್ಷಿಸುತ್ತದೆ. ಮೂರೂ ಸರಿಯಾಗಿ ಮೂಡಿದರೆ ಪರಿಷ್ಕರಣಕಾರನು ಸಂತೋಷಪಡಬಹುದು, ತೃಪ್ತನಾಗಬಾರದು. ಏಕೆಂದರೆ ಈ ಮೂರು ಹೆಸರುಗಳಲ್ಲಿ ಎಲ್ಲಿಯೂ ಅರ್ಕಾವೊತ್ತು ಇಲ್ಲ; 'ಸೂರ್ಯ' ಎಂದು ಬರೆದಾಗಲೇ ಅದು ಪರೀಕ್ಷೆಗೆ ಬರುವುದು. ಕಕಾರ ಷಕಾರಗಳು ಕೂಡಿ ಒಂದಾಗಿ, ಅದರ ಕೆಳಗೆ ಮತ್ತೆ ಮಕಾರವು ಬರುವ ರೂಪಕ್ಕೆ ನೆರೆಯ ಲಕ್ಷ್ಮೇಶ್ವರಕ್ಕೆ ಹೋಗಬೇಕು. ಅಬ್ಬಿಗೇರಿಯಲ್ಲಿ ಇಕಾರ ಹೊತ್ತ ದ್ವಿತ್ವವಿದೆ, ನರೇಗಲ್ಲಿನ ಹೆಸರನ್ನು ವ್ಯಂಜನಾಂತವಾಗಿ ಬರೆದರೆ ಕೊನೆಯ ಅರೆಯಕ್ಷರವು ಪರೀಕ್ಷಿತವಾಗುತ್ತದೆ.

ಎಲ್ಲಕ್ಕಿಂತ ಕಠಿನವಾದುದು 'ರ‍್ಯಾಂಕ್' ಎಂಬಂಥ ಶಬ್ದ. ರಕಾರಕ್ಕೆ ಯಕಾರವು ಒತ್ತಾಗಿ ಬರಬೇಕಾದ ಇಲ್ಲಿ, ರಕಾರದ ನಂತರ ಕಣ್ಣಿಗೆ ಕಾಣದ ಸಂಯೋಜಕಚಿಹ್ನೆಯೊಂದನ್ನು ಇರಿಸಬೇಕೆಂಬುದು ಯೂನಿಕೋಡಿನ ವ್ಯವಸ್ಥೆ. ನಿರ್ಮಾಣದಲ್ಲಿ ಈ ನಿಯಮವು ತಪ್ಪಿಹೋದರೆ ಆ ಶಬ್ದವು ಅರ್ಕಾವೊತ್ತಿನೊಡನೆ 'ರ್ಯಾಂಕ್' ಎಂದು ಬೇರೆ ರೂಪವನ್ನು ತಾಳುತ್ತದೆ. ಗಣಕದ ದೃಷ್ಟಿಯಲ್ಲಿ ಯಾವ ತಪ್ಪೂ ಇಲ್ಲ. ಕನ್ನಡಿಗನ ದೃಷ್ಟಿಯಲ್ಲಿ ಮಾತ್ರ ತಪ್ಪು. ಆದುದರಿಂದ ಪರೀಕ್ಷೆಯ ಪದಗಳನ್ನು ಆರಿಸುವವನು ಕನ್ನಡದ ಅಕ್ಷರವ್ಯವಸ್ಥೆಯನ್ನು ಬಲ್ಲವನಾಗಿರಬೇಕು. ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ಕಾರ್ಯದಲ್ಲಿ ಸ್ಥಾನವಿರುವುದು ಇಲ್ಲಿಯೇ.

ಈ ವಿಷಯದಲ್ಲಿ ಹಾರ್ಫ್‌ಬಜ್ ಎಂಬ ಗ್ರಂಥಾಲಯತಂತ್ರಾಂಶವು ಹಾಕಿಕೊಟ್ಟ ಮಾದರಿಯು ಶ್ಲಾಘ್ಯವಾದುದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಮೊದಲಾದವುಗಳಲ್ಲಿ ಕನ್ನಡದ ಅಕ್ಷರಗಳನ್ನು ಜೋಡಿಸುವುದು ಇದೇ. ಇದರ ಕರ್ತೃಗಳು ಭಾರತೀಯ ಲಿಪಿಗಳ ಭಾಗವನ್ನು ರಚಿಸುವಾಗ, ವಿಕಿಪೀಡಿಯದಿಂದ ಆಯ್ದ ದೊಡ್ಡ ಪದಪಟ್ಟಿಗಳನ್ನು ಹಿಡಿದು, ಪ್ರತಿ ಪದಕ್ಕೂ ತಮ್ಮ ಫಲಿತವನ್ನು ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಕೊಡುವ ಫಲಿತದೊಡನೆ ಹೋಲಿಸಿ, ಎಷ್ಟು ಪದಗಳಲ್ಲಿ ಭೇದ ಉಳಿಯಿತೆಂಬುದನ್ನು ಭಾಷೆಭಾಷೆಗೂ ಬೇರೆಯಾಗಿ ಬದಲಾವಣೆಯ ದಾಖಲೆಗಳಲ್ಲಿ ಬರೆದಿಟ್ಟಿದ್ದಾರೆ. ಆ ತಂತ್ರಾಂಶವು ಮುಂದೆ ಆಟೋಟೂಲ್ಸ್ ಪದ್ಧತಿಯಿಂದ ಮೇಸನ್ ಪದ್ಧತಿಗೆ ಬಂದಾಗ, ನಿರ್ಮಾಣದ ಕ್ರಮ ಬದಲಾದರೂ ಫಲಿತವು ಬದಲಾಗಿಲ್ಲವೆಂದು ಹೇಳಲು ಅದರ ಬಳಿ ಪರೀಕ್ಷೆಗಳ ದೊಡ್ಡ ಭಂಡಾರವಿತ್ತು.

6

ವಿಧಾನವನ್ನು ಕುರಿತು ಎರಡು ಮಾತು. ಗಜೇಂದ್ರಗಡವು ಕೈಮಗ್ಗದ ಸೀರೆಗೆ, ವಿಶೇಷವಾಗಿ ಪಟ್ಟೇದ ಅಂಚಿನ ಸೀರೆಗೆ ಹೆಸರಾದ ಊರು. ಮಗ್ಗದ ಮೇಲಣ ಹಾಸು ಮುಗಿಯುತ್ತ ಬಂದಾಗ ನೇಕಾರನು ಅದನ್ನು ಪೂರ್ತಿಯಾಗಿ ಕಿತ್ತುಹಾಕುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಕೂಡಿಸಿ, ಮೆಲ್ಲಗೆ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಹಣಿಗೆಯೊಳಗೆ ಎಳೆಗಳನ್ನು ಹಾಯಿಸಿದ ಕ್ರಮವು, ಎಂದರೆ ಮಗ್ಗಕ್ಕೆ ತಿಳಿದ ವಿದ್ಯೆಯು, ಇದರಿಂದ ಉಳಿದುಕೊಳ್ಳುತ್ತದೆ. ಎಳೆಗಳ ಲೆಕ್ಕವೇ ಬೇರೆಯಾಗಬೇಕಾದಾಗ ಮಾತ್ರ ಎಲ್ಲವನ್ನೂ ಹೊಸದಾಗಿ ಹಾಯಿಸುವ ಶ್ರಮ.

ನಿರ್ಮಾಣಸೂಚಿಯ ಪರಿಷ್ಕರಣಕ್ಕೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಹಳೆಯ ಸೂಚಿಯು ಅದರ ಕಾಲದ ಉಪಕರಣಗಳೊಡನೆ ಒಮ್ಮೆಯಾದರೂ ನಡೆಯುವಂತೆ ಮಾಡಬೇಕು. ಅದರಿಂದ ಹುಟ್ಟಿದುದನ್ನು ಮೂಲಪ್ರತಿಯೆಂದು ಕಾಪಿಡಬೇಕು. ಆಮೇಲೆ ಹೊಸ ಸೂಚಿಯನ್ನು ಹಳೆಯದರ ಪಕ್ಕದಲ್ಲಿ ಬರೆದು, ಒಂದೊಂದು ಬದಲಾವಣೆಯಾದ ಮೇಲೂ ಎರಡರ ಫಲಿತಗಳನ್ನು ಹೋಲಿಸಬೇಕು. ಅಕ್ಷರವಿನ್ಯಾಸವಾದರೆ, ಅದನ್ನು ಫಾಂಟ್‌ಟೂಲ್ಸಿನ ಅಂಗವಾದ ಟಿಟಿಎಕ್ಸ್ ಮೂಲಕ ಓದಬಲ್ಲ ಪಠ್ಯವಾಗಿ ಬಿಡಿಸಿ ಸಾಲುಸಾಲಾಗಿ ಹೋಲಿಸಬಹುದು. ಇದು ಪಾಠಾಂತರಗಳನ್ನು ಗುರುತುಹಾಕುವ ಕೆಲಸವೇ. ನಿರ್ಮಾಣದ ಸಮಯವು ಕಡತದೊಳಗೆ ಸೇರಿ ಸುಮ್ಮನೆ ಭೇದವನ್ನು ತೋರಿಸುವುದುಂಟು. ಅದನ್ನು ತಡೆಯಲು ಒಂದು ನಿಶ್ಚಿತ ಸಮಯವನ್ನು ಹೊರಗಿನಿಂದ ಕೊಡುವ ರೂಢಿಯನ್ನು, ಒಂದೇ ಮೂಲದಿಂದ ಎಲ್ಲಿ ಕಟ್ಟಿದರೂ ಒಂದೇ ಫಲಿತ ಬರಬೇಕೆಂಬ ಪುನರುತ್ಪಾದ್ಯ ನಿರ್ಮಾಣದ ಆಂದೋಲನವು 2015ರಿಂದ ಬಳಕೆಗೆ ತಂದಿದೆ. ಭೇದವೆಲ್ಲಕ್ಕೂ ಕಾರಣ ಸಿಕ್ಕಿದ ಮೇಲೆಯೇ ಹಳೆಯ ಸೂಚಿಯನ್ನು ತೆಗೆಯಬೇಕು.

ಎರಡು ಸೂಚಿಗಳನ್ನು ಚಿರಕಾಲ ಜೊತೆಯಲ್ಲಿ ಉಳಿಸುವುದೂ ಹಿತವಲ್ಲ. ಕನ್ನಡದ ಮುದ್ರಿತ ಪುಟವನ್ನೂ ಓದಬಲ್ಲ ಟೆಸೆರಾಕ್ಟ್ ತಂತ್ರಾಂಶವು ಹಲವು ವರ್ಷ ಆಟೋಟೂಲ್ಸ್ ಮತ್ತು ಸಿಮೇಕ್ ಎರಡನ್ನೂ ನಡೆಸಿಕೊಂಡು ಬಂದಿದೆ. ಬಳಗ ದೊಡ್ಡದಾದುದರಿಂದ ಅದಕ್ಕೆ ಅದು ಸಾಧ್ಯ. ಒಂದಿಬ್ಬರೇ ಪಾಲಕರಿರುವ ಕನ್ನಡದ ಯೋಜನೆಯಲ್ಲಿ, ಹೊಸ ಕಡತವನ್ನು ಒಂದು ಸೂಚಿಗೆ ಸೇರಿಸಿ ಇನ್ನೊಂದಕ್ಕೆ ಸೇರಿಸಲು ಮರೆಯುವುದು ಸಹಜ.

ಅತ್ಯಂತ ಅಗ್ಗದ ಪರಿಹಾರದ ಬಗೆಗೂ ಎಚ್ಚರಿಸಬೇಕಾಗಿದೆ. ಸಿಮೇಕ್ ಸೂಚಿಯ ಮೊದಲ ಸಾಲಿನಲ್ಲಿ ಬೇಕಾದ ಕನಿಷ್ಠ ಆವೃತ್ತಿಯ ಸಂಖ್ಯೆಯಿರುತ್ತದೆ. 4.0 ಬಂದ ಮೇಲೆ ಅನೇಕರು ಆ ಸಂಖ್ಯೆಯನ್ನಷ್ಟೆ ಏರಿಸಿ ಕೆಲಸ ಮುಗಿಯಿತೆನ್ನುತ್ತಾರೆ. ಆದರೆ ಆ ಸಂಖ್ಯೆಯು ಬರಿಯ ಗುರುತಲ್ಲ. ಅದನ್ನು ಏರಿಸಿದೊಡನೆ ನಡುವಣ ಆವೃತ್ತಿಗಳಲ್ಲಿ ಬದಲಾದ ವರ್ತನೆಗಳೆಲ್ಲವೂ ಒಮ್ಮೆಗೇ ಹೊಸ ರೀತಿಗೆ ತಿರುಗುತ್ತವೆ. ಒಂದಂಕಿಯ ತಿದ್ದುಪಡಿಯು ಇಡೀ ಕಟ್ಟಡದ ಆಧಾರವನ್ನೇ ಸರಿಸಿರಬಹುದು. ಹೋಲಿಸಿ ನೋಡದವನಿಗೆ ಅದು ಗೊತ್ತಾಗುವುದಿಲ್ಲ.

7

ಹೊಸ ಪದ್ಧತಿಗಳ ಗುಣದೋಷಗಳನ್ನು ಕುರಿತು ನಮ್ಮ ನಿರ್ಣಯವನ್ನು ಸಂಗ್ರಹವಾಗಿ ಹೇಳುತ್ತೇವೆ. ಹಳೆಯ ಸೂಚಿಯು 'ಹೀಗೆ ಹೀಗೆ ಮಾಡು' ಎನ್ನುತ್ತಿತ್ತು. ಹೊಸದು 'ಇಂಥದು ಬೇಕು' ಎನ್ನುತ್ತದೆ. ಪೈಥಾನಿನ ಹೊಸ ಸೂಚಿಕಡತವು ಕೇವಲ ವಿವರಣೆಯ ರೂಪದ್ದು. ಮೇಸನ್ನಿನ ಭಾಷೆಯನ್ನು, ಅದರಲ್ಲಿ ಯಾರೂ ಬೇಕಾದಂತೆ ಕಾರ್ಯಕ್ರಮ ಬರೆಯಲಾಗದಿರಲೆಂದು, ಉದ್ದೇಶಪೂರ್ವಕವಾಗಿ ಮಿತಗೊಳಿಸಲಾಗಿದೆ. ಇದರಿಂದ ಓದುವವನಿಗೆ ಮಹದುಪಕಾರವಾಗಿದೆ: ಅಧ್ಯಾಪಕನು ತರಗತಿಯಲ್ಲಿ ಇಟ್ಟು ವಿವರಿಸಬಲ್ಲ ಸೂಚಿಗಳು ಈಗ ದೊರೆಯುತ್ತವೆ. ಆಟೋಕಾನ್ಫ್ ಹುಟ್ಟಿಸಿದ ಸಾವಿರಾರು ಸಾಲುಗಳನ್ನು ಯಾರು ತಾನೆ ಪಾಠಮಾಡಬಲ್ಲರು?

ದೋಷವೂ ಇಲ್ಲದಿಲ್ಲ. ಹೊಸ ಪದ್ಧತಿಗಳಲ್ಲಿ ಹಲವು, ಬೇಕಾದ ಉಪಕರಣಗಳನ್ನು ನಿರ್ಮಾಣದ ವೇಳೆಯಲ್ಲಿಯೇ ಅಂತರಜಾಲದಿಂದ ತಂದುಕೊಳ್ಳುತ್ತವೆ. ಸಂಪರ್ಕವು ಕ್ಷೀಣವಾಗಿರುವ ಪ್ರಯೋಗಾಲಯದಲ್ಲಿ ಅದು ನಿರ್ಮಾಣವನ್ನೇ ನಿಲ್ಲಿಸುತ್ತದೆ. ತರುವ ಆವೃತ್ತಿಯನ್ನು ನಿಶ್ಚಿತಗೊಳಿಸದಿದ್ದರೆ ಇಂದು ಕಟ್ಟಿದುದು ನಾಳೆ ಬೇರೆಯಾಗುತ್ತದೆ. ತಂದ ಉಪಕರಣಗಳ ಆವೃತ್ತಿಗಳನ್ನು ಬರೆದಿಡದ ಸೂಚಿಯು ಹೊಸದಾಗಿದ್ದೂ ಆಗಲೇ ಜೀರ್ಣವಾದುದು. ಹಳೆಯ ಸೂಚಿಯು ಇಪ್ಪತ್ತು ವರ್ಷ ಬಾಳಿದ್ದರೆ ಅದಕ್ಕೆ ಒಂದು ಕಾರಣ, ಅದು ಹೊರಗಿನಿಂದ ಬೇಡುತ್ತಿದ್ದುದು ಅತ್ಯಲ್ಪ ಎಂಬುದು. ಈ ಗುಣವನ್ನು ನಾವು ಹಳಬರಿಂದ ಕಲಿಯಬೇಕಾಗಿದೆ.

ಆದುದರಿಂದ ಆಧುನೀಕರಣವು ಬೇಕೇ ಬೇಡವೇ ಎಂಬುದು ಪ್ರಶ್ನೆಯೇ ಅಲ್ಲ. ಓದಿ ಮಾಡಿದ ಆಧುನೀಕರಣವೋ, ಓದದೆ ಮಾಡಿದುದೋ ಎಂಬುದು ಪ್ರಶ್ನೆ. ಹಳೆಯ ಸೂಚಿಯ ಪ್ರತಿಯೊಂದು ಸಾಲಿಗೂ 'ನೀನು ಯಾರ ಸಲುವಾಗಿ ಇಲ್ಲಿದ್ದೀ' ಎಂದು ಕೇಳಿ, ಉತ್ತರ ಪಡೆದು, ಆಮೇಲೆ ಉಳಿಸುವುದನ್ನೋ ಬಿಡುವುದನ್ನೋ ನಿಶ್ಚಯಿಸಿದವನು ಮಾತ್ರ ಪರಿಷ್ಕರಣಕಾರನೆನಿಸಿಕೊಳ್ಳಲು ಅರ್ಹನು. ಈ ಕೆಲಸವು ಒಂದು ಸ್ನಾತಕ ತರಗತಿಗೆ ಮೀರಿದುದಲ್ಲ. ಗಣಕವಿಭಾಗದ ವಿದ್ಯಾರ್ಥಿಯೊಬ್ಬನೂ ಕನ್ನಡವಿಭಾಗದ ವಿದ್ಯಾರ್ಥಿನಿಯೊಬ್ಬಳೂ ಕೂಡಿ, ಒಂದು ಮುಕ್ತ ಅಕ್ಷರವಿನ್ಯಾಸವನ್ನು ಮೂಲದಿಂದ ಕಟ್ಟಿ, ನೂರು ಪದಗಳ ಪರೀಕ್ಷಾಪಟ್ಟಿಯೊಂದನ್ನು ಅದಕ್ಕೆ ಜೋಡಿಸಿಕೊಟ್ಟರೆ, ಒಂದು ವರ್ಷದ ಪ್ರಬಂಧಕ್ಕಿಂತ ಕಡಿಮೆಯಾದ ಸೇವೆ ಅದಾಗದು. ಪಟ್ಟಿಯ ಮೊದಲ ಮೂರು ಪದಗಳು ಯಾವುವಾಗಬಹುದೆಂಬುದನ್ನು ಮೇಲೆಯೇ ಸೂಚಿಸಿದ್ದೇವೆ.

ಶಾಸನದ ದಾನಿಯು ಗುಡಿಯನ್ನು ಕಟ್ಟಿಸಿ ಸುಮ್ಮನಾಗಲಿಲ್ಲ. ಅದು ಬಿರಿಯುವ ದಿನವನ್ನು ನೆನೆದು ಹೊಲದ ಒಂದು ಪಾಲನ್ನು ಬಿಟ್ಟುಕೊಟ್ಟನು. ಕನ್ನಡ ತಂತ್ರಾಂಶಕ್ಕೆ ಧನಸಹಾಯ ನೀಡುವ ಸಂಸ್ಥೆಗಳು ಹೊಸದನ್ನು ಕಟ್ಟಲು ಕೊಡುವಾಗ, ಕಟ್ಟಿದ್ದನ್ನು ಮತ್ತೆ ಕಟ್ಟಬಲ್ಲಂತೆ ಉಳಿಸುವುದಕ್ಕೂ ಅಂಥದೊಂದು ಪಾಲನ್ನು ತೆಗೆದಿರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.